ಕೆಮ್ಮುವ ಮೋಟಾರಿನಲ್ಲಿ ಪಂಚಮಿಗೆ

ನನಗೆ ಜ್ವರ ಬಂದು ಮಲಗಿದರೆ ನಮ್ಮವರಿಗೆ ಯಾರಾದರೂ ಹೋಗಿ ಹೇಳಬೇಕಾಗುತ್ತಿತ್ತು. ಆದರೆ ಊರ ಜಮೀನ್ದಾರ ದೇಶಮುಖರ ಮೋಟಾರಿಗೆ ಸಣ್ಣ ನೆಗಡಿಯಾದರೂ ಎರಡು ಓಣಿಯಾಚೆ ಕುಳಿತಲ್ಲೇ ಗೊತ್ತಾಗುತ್ತಿತ್ತು! ಇಂಥ ಗಂಡನ ಹೆಸರೇನು ಎಂದು ಮಾತ್ರ ಕೇಳಬೇಡಿ. ಗಂಡನ ಹೆಸರನ್ನು ನೇರವಾಗಿ ಹೇಳುವ ರೂಢಿ ನಮ್ಮಲ್ಲಿಲ್ಲ. ಹೇಳಲೇಬೇಕೆಂದರೆ ಪ್ರಾಸದ ಒಡಪು ಕಟ್ಟಿ ಹೇಳಬೇಕು. ಇವರ ಮೇಲೆ ಒಡಪು ಕಟ್ಟಲು ಹೋದರೆ ಸಾಲಿಗೊಂದು ನಟ್ಟು, ಸಾಲಿಗೊಂದು ಬೋಲ್ಟು ಬಂದು ಕೂಡುತ್ತದೆ. ಆದ್ದರಿಂದ ‘ನಮ್ಮವರು’ ಅಂದರೆ ಸಾಕು.

ನಾನು ಕರಜಗಿಯ ಮಗಳು, ಮಾದನಹಿಪ್ಪರಗಾದ ಸೊಸೆ. ನಿಜಾಮರ ಸೀಮೆಯಲ್ಲಿ ಆಗ ಶಾಲೆಯೆಂದರೆ ಉರ್ದು ಶಾಲೆ. ನನ್ನ ಅಪ್ಪ ಊರಲ್ಲಿ ಖಾನಗಿ ಕನ್ನಡ ಶಾಲೆ ನಡೆಸುತ್ತಿದ್ದರಿಂದ ನನಗೆ ನಾಲ್ಕು ಅಕ್ಷರ ಬಂದವು. ಅಪ್ಪನಿಗೆ ನಾನೊಬ್ಬಳೇ ಮಗಳು. ಅಣ್ಣನಿಲ್ಲ, ತಮ್ಮನಿಲ್ಲ. ಅದರ ನೋವು ವರ್ಷವಿಡೀ ಗೊತ್ತಾಗುತ್ತಿರಲಿಲ್ಲ, ಶ್ರಾವಣ ಬಂದರೆ ಗೊತ್ತಾಗುತ್ತಿತ್ತು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗಬೇಕು. ಆದರೆ ತಾವಾಗಿ ಎದ್ದು ಹೋಗುವಂತಿಲ್ಲ. ತವರಿನಿಂದ ಯಾರಾದರೂ ಬಂಡಿ ಕಟ್ಟಿಕೊಂಡು ಕರೆಯಲು ಬರಬೇಕು. ಅಪ್ಪನಿಗೆ ಬಂಡಿಯೂ ಇರಲಿಲ್ಲ, ಎತ್ತೂ ಇರಲಿಲ್ಲ. ಕಾಕಾನ ಮಕ್ಕಳು ಇದ್ದರು, ಆದರೆ ಅವರಿಗೆ ಸ್ವಂತ ಅಕ್ಕತಂಗಿಯರನ್ನು ಕರೆದು ತರುವುದರಲ್ಲೇ ಪಂಚಮಿ ಮುಗಿದು ಹೋಗುತ್ತಿತ್ತು. ಓಣಿಯ ಸೊಸೆಯರೆಲ್ಲ ಬಂಡಿ ಹತ್ತುವಾಗ ನಾನು ಬಾಗಿಲಲ್ಲಿ ನಿಂತು ನಕ್ಕು ಕಳಿಸುತ್ತಿದ್ದೆ. ಆಮೇಲೆ ಒಳಗೆ ಹೋಗಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಶ್ರಾವಣದ ಉಳ್ಳಾಗಡ್ಡಿ ಕಣ್ಣಿಗೆ ಎಷ್ಟು ಖಾರ ಎನ್ನುವುದು ನನಗೆ ಗೊತ್ತು.

ಇನ್ನು ಆ ಮೋಟಾರು. ಅದನ್ನು ದೇಶಮುಖರು ಸಿಕಂದರಾಬಾದಿನಲ್ಲಿ, ವಿಲಾಯತಿಗೆ ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡು ತಂದಿದ್ದರು. ಉದ್ದ ಮೂತಿ, ಎರಡೇ ಸೀಟು. ವಾಡೆಯ ತುಂಬ ಮಕ್ಕಳು ಮೊಮ್ಮಕ್ಕಳಿರುವ ಯಜಮಾನರು ಎರಡು ಸೀಟಿನ ಗಾಡಿ ತಂದ ದಿನ ಮನೆಯಲ್ಲಿ ಯಾರೂ ಅವರೊಡನೆ ಮಾತಾಡಲಿಲ್ಲವಂತೆ. ಅದನ್ನು ಓಡಿಸುವ, ತೊಳೆಯುವ, ರಿಪೇರಿ ಮಾಡುವ ಕೆಲಸ ನಮ್ಮವರದು. ಅದರ ಇಂಜಿನ್ನಿಗೆ ಸೂಪರ್‌ಚಾರ್ಜರ್ ಎಂಬ ಯಂತ್ರವೊಂದು ಅಂಟಿಕೊಂಡಿತ್ತು. ಹಾಗಂದರೇನು ಎಂದು ಕೇಳಿದ್ದಕ್ಕೆ ನಮ್ಮವರು, “ನೀ ಊದುಗೊಳವಿಲೆ ಒಲಿ ಊದತಿ ನೋಡು, ಹಂಗ ಇದು ಇಂಜಿನ್ನಿಗಿ ಗಾಳಿ ಊದತದ. ಜಾಸ್ತಿ ಗಾಳಿ, ಜಾಸ್ತಿ ಉರಿ, ಜಾಸ್ತಿ ಓಟ,” ಎಂದರು.

ಆದರೆ ಓಟವೆಲ್ಲಿತ್ತು? ಮೆಲ್ಲಗೆ ಹೋದರೆ ಗಾಡಿ ಸಂಭಾವಿತ. ಜೋರು ತುಳಿದು ಆ ಊದುವ ಯಂತ್ರ ಊಳಿಡತೊಡಗಿದರೆ ಸಾಕು, ಇಂಜಿನ್ನು ಕೆಮ್ಮಲು ಶುರು. ಫಟ್ ಎಂದು ಒಂದು, ಫಟ್ ಫಟ್ ಎಂದು ಎರಡು, ಆಮೇಲೆ ಉಬ್ಬಸ. ಒಂದು ದಿನ ಆಳಂದದ ದಾರಿಯಲ್ಲಿ ಹಳೆಯ ಬಸ್ಸೊಂದು ಹಾರ್ನು ಹೊಡೆದು ಇವರನ್ನು ಹಿಂದೆ ಹಾಕಿತು. ಬಸ್ಸಿನವರೆಲ್ಲ ತಿರುಗಿ ನೋಡಿ ದೇಶಮುಖರಿಗೆ ಭಕ್ತಿಯಿಂದ ಕೈ ಮುಗಿದರಂತೆ. ಅದನ್ನು ಅವರು ಸಹಿಸಲಿಲ್ಲ.

“ಪಂಚಮಿ ತನಾ ನೋಡ್ತೇನಿ. ಬರಾಬರ್ ಆಗಲಿಲ್ಲಂದ್ರ ಮಾರಿ ಬಿಡ್ತೇನಿ. ನೀ ಮತ್ತ ಎತ್ತಿನ ಕೊಟ್ಟಿಗಿ ನೋಡ್ಕೋ,” ಎಂದರು.

“ಬರಾಬರ್ ಆದ್ರ ಏನ್ರಿ ಸಾಹೇಬ್ರ?”

“ಏನ್ ಬೇಕ್ ಕೇಳು.”

“ಪಂಚಮಿಗಿ ಒಂದಿನ ಗಾಡಿ ಕೊಡ್ರಿ. ಮನ್ಯಾಕಿನ್ನ ತವರಿಗಿ ಮುಟ್ಟಸಿ ಬರ್ತೇನಿ.”

ಈ ಕರಾರನ್ನು ನನಗೆ ತಿಳಿಸಿದ್ದು ನಮ್ಮವರಲ್ಲ, ವಾಡೆಗೆ ನೀರು ಹೊರುವ ಹೆಣ್ಣುಮಗಳು. ಅಂದಿನಿಂದ ಮೋಟಾರಿನ ಕೆಮ್ಮು ನನ್ನ ಎದೆಯಲ್ಲೂ ಶುರುವಾಯಿತು.

ಚಿಕಿತ್ಸೆಗಳು ಒಂದೇ ಎರಡೇ? ಮೊದಲು ನನ್ನ ಊದುಗೊಳವೆ ಮಾಯವಾಯಿತು. ಹುಡುಕಿಕೊಂಡು ಹೋದರೆ, ಅದರ ಒಂದು ತುದಿ ಇಂಜಿನ್ನಿನ ಮೇಲೆ, ಇನ್ನೊಂದು ತುದಿ ನಮ್ಮವರ ಕಿವಿಯಲ್ಲಿ. ಎದೆಬಡಿತ ಕೇಳುತ್ತಿದ್ದಾರಂತೆ! ಎದೆ ಸರಿಯಾಗಿದೆ, ಹೊಟ್ಟೆಯಲ್ಲೇ ದೋಷ ಎಂದು ತೀರ್ಮಾನಿಸಿ, ಪೆಟ್ರೋಲಿನಲ್ಲಿ ಕಸವಿರಬೇಕೆಂದು ಅದನ್ನು ನನ್ನ ಇಳಕಲ್ ಸೀರೆಯಲ್ಲಿ ಸೋಸಿದರು. ಪೆಟ್ರೋಲೇನೋ ಶುದ್ಧವಾಯಿತು. ಆ ಸೀರೆ ಉಟ್ಟು ಒಲೆಯ ಮುಂದೆ ಕೂಡುವ ಧೈರ್ಯ ಮಾತ್ರ ನನಗೆ ಮತ್ತೆ ಬರಲಿಲ್ಲ.

ಜೇವರ್ಗಿಯಿಂದ ಲಾರಿ ರಿಪೇರಿಯ ಮಿಸ್ತ್ರಿಯೊಬ್ಬ ಬಂದ. ಗಾಡಿಯನ್ನು ಮೂರು ಸುತ್ತು ಸುತ್ತಿ, ಚಹಾ ಕುಡಿದು, “ಬ್ಯಾರೆ ಗಾಡಿ ತಗೋರಿ,” ಎಂದ. ನಮ್ಮವರಿಗೆ ಕೆಂಡದಂಥ ಕೋಪ. “ಹಕೀಮ ಆದಾಂವ ದವಾ ಹೇಳಬೇಕೋ, ಬ್ಯಾರೆ ರೋಗಿನ್ನ ಹುಡುಕ್ರಿ ಅನ್ನಬೇಕೋ?” ಎಂದು ರಾತ್ರಿ ಊಟ ಬಿಟ್ಟರು.

ಕೊನೆಗೆ ನಮ್ಮ ಅತ್ತೆಯವರೇ ರಂಗಕ್ಕಿಳಿದರು. “ಯಾರದೋ ಕಣ್ ಬಿದ್ದದ ಲೇ,” ಎನ್ನುತ್ತ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಗಾಡಿಯ ಮೂತಿಯ ಮುಂದೆಯೇ ಕೆಂಡಕ್ಕೆ ಹಾಕಿದರು. ದೇಶಮುಖರು ಕೆಮ್ಮಿದರು, ನಮ್ಮವರು ಕೆಮ್ಮಿದರು, ಅತ್ತೆಯವರೂ ಕೆಮ್ಮಿದರು. ಅಂದು ಕೆಮ್ಮದೆ ನಿಂತದ್ದು ಮೋಟಾರೊಂದೇ.

ಪಂಚಮಿ ಹತ್ತಿರ ಬಂತು. ಓಣಿಗೆ ಒಂದೊಂದೇ ಬಂಡಿ ಬರತೊಡಗಿತು. ಕಿಣ್ಣಿ ಸುಲ್ತಾನದಿಂದ ಪಕ್ಕದ ಮನೆಯ ಸೊಸೆಯ ಅಣ್ಣ ಬಂದು, ಗೆಜ್ಜೆಯ ಎತ್ತುಗಳನ್ನು ನಮ್ಮ ಬಾಗಿಲ ಮುಂದೆಯೇ ನಿಲ್ಲಿಸಿದ. ನಾನು ಒಳಗೆ ಸಿಟ್ಟಿನಿಂದ ಒಲೆ ಹೊತ್ತಿಸುತ್ತಿದ್ದೆ. ಆಗ ತಾನೇ ಎದ್ದಿದ್ದ ಸಣ್ಣ ಉರಿಗೆ ಜೋರಾಗಿ ಊದಿದೆ. ಆರಿ ಹೋಯಿತು. ನಮ್ಮವರು ಅಲ್ಲೇ ರೊಟ್ಟಿ ತಿನ್ನುತ್ತ ಕುಳಿತಿದ್ದರು.

“ಯಾಕ ಆರ್ತು?” ಎಂದರು.

“ಅಷ್ಟ್ ಸಣ್ಣ ಉರಿಗಿ ಇಷ್ಟ್ ಗಾಳಿ ಹೊಡದ್ರ ಆರಲಾರದ ಏನ್ ಮಾಡ್ತದ್ರಿ?” ಎಂದು ಸಿಡುಕಿದೆ.

ಅವರ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ನಿಂತಿತು. “ನಿನ್ನ ಮುತ್ತ ಪೋಣಸೋ ಸೂಜಿ ಎಲ್ಲದ?” ಎಂದರು. ಒಲೆಗೂ ಸೂಜಿಗೂ ಏನು ಸಂಬಂಧ? ನಾನು ಇವರಿಗೆ ತಲೆ ಕೆಟ್ಟಿತೆಂದೇ ತಿಳಿದೆ.

ಸಂಬಂಧವಿತ್ತು. ಇಂಜಿನ್ನಿನೊಳಗೆ ಉರಿ ಹೊತ್ತಿಸುವ ಕಿಡಿ ಹಾರುವುದು ಪ್ಲಗ್ಗಿನಲ್ಲಿ. ಅದರ ಎರಡು ತುದಿಗಳ ನಡುವಿನ ಸಂದಿನಲ್ಲಿ ಕಿಡಿ ಜಿಗಿಯಬೇಕು. ಆ ಸಂದು ಅಳೆಯುವ ಉಕ್ಕಿನ ಪಟ್ಟಿಯನ್ನು ದೊರೆ ಕೊಟ್ಟಿದ್ದನಂತೆ. ಅದು ಎಲ್ಲೋ ಕಳೆದಿತ್ತು. ನಮ್ಮವರು ಬದಲಿಗೆ ಏನು ಹಿಡಿದು ಅಳೆದಿದ್ದರು ಗೊತ್ತೇ? ಅತ್ತೆಯವರು ಕೌದಿ ಹೊಲಿಯುವ ಸೂಜಿ! ಆರು ಪದರು ಹಳೆಯ ಸೀರೆ ತೂರಿ ಹೋಗುವ ಸೂಜಿ ಅದು. ಮೆಲ್ಲಗೆ ಓಡುವಾಗ ಅಷ್ಟು ಅಗಲದ ಸಂದನ್ನು ಕಿಡಿ ಹೇಗೋ ದಾಟುತ್ತಿತ್ತು. ಊದುವ ಯಂತ್ರ ಗಾಳಿಯನ್ನು ಒತ್ತಿ ತುಂಬಿದಾಗ ಅಷ್ಟು ದೂರ ಜಿಗಿಯಲಾರದೆ, ನನ್ನ ಒಲೆಯ ಸಣ್ಣ ಉರಿಯಂತೆಯೇ ಸೋಲುತ್ತಿತ್ತು. ನಮ್ಮವರು ನನ್ನ ಸಣ್ಣ ಸೂಜಿ ಒಯ್ದು ಪ್ಲಗ್ಗುಗಳ ಸಂದನ್ನೆಲ್ಲ ಅದರ ಅಳತೆಗೆ ಕಿರಿದು ಮಾಡಿದರು.

ಮರುದಿನ ದೇಶಮುಖರನ್ನು ಕೂಡಿಸಿಕೊಂಡು ಆಳಂದದ ದಾರಿಗೆ ಹೊರಟರು. ಯಂತ್ರ ಊಳಿಟ್ಟಿತು, ಗಾಡಿ ಕೆಮ್ಮಲಿಲ್ಲ. ಇನ್ನೂ ತುಳಿದರು, ಆಗಲೂ ಕೆಮ್ಮಲಿಲ್ಲ. ದೇಶಮುಖರ ರುಮಾಲು ಹಾರಿ ಯಾರದೋ ತೊಗರಿ ಹೊಲ ಸೇರಿತು. ವಾಡೆಗೆ ಮರಳಿದಾಗ ಅವರು ಗಾಡಿಯಿಂದ ಇಳಿಯಲಿಲ್ಲ. ಬಾಗಿಲು ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ನೀರು ಕುಡಿದು, ಸುಧಾರಿಸಿಕೊಂಡು ಹೇಳಿದರು: “ಬರಾಬರ್ ಆಗ್ಯಾದ. ಬಹುತ್ ಖುಷ್. ಇನ್ನ ಮ್ಯಾಲ ಹಂಗ ಹೊಡೀಬ್ಯಾಡ.”

ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಮೋಟಾರು ಬಂದು ನಿಂತಿತು. ನಮ್ಮವರು ಒಳಗೆ ಬರಲಿಲ್ಲ. ತಲೆಗೆ ರುಮಾಲು ಸುತ್ತಿ, ಕೈಯಲ್ಲಿ ಉಂಡಿಯ ಗಂಟು ಹಿಡಿದು, ಬೀಗರ ಮನೆಗೆ ಬಂದವರಂತೆ ತಮ್ಮ ಮನೆಯ ಹೊಸ್ತಿಲಾಚೆಯೇ ನಿಂತು ಕೂಗಿದರು: “ಮನ್ಯಾಗ ಯಾರದೀರಿ? ನಿಮ್ಮ ಸೊಸಿನ್ನ ಪಂಚಮಿಗಿ ಕಳಸ್ತೀರೇನ್ರಿ?”

ಅತ್ತೆಯವರು ಹೊರಗೆ ಬಂದು ಹಣೆ ಚಚ್ಚಿಕೊಂಡರು. “ಲೇ ಹುಚ್ಚಾ, ಗಂಡ ಆದಾಂವ ಕರ್ಯಾಕ ಬರ್ತಾನೇನು? ಅದು ತವರಿನವರ ಕೆಲಸ.”

“ಕರ್ಯಾಕ ಬಂದದ್ದು ಮೋಟಾರ ಬೇ. ನಾ ಬರೇ ಹೊಡ್ಯಾಂವ.”

“ಹಗಲಾಗ ಗಂಡನ ಬಾಜೂಕ ಕುಂತ ಹೋಗ್ತಾಳ? ಮಂದಿ ಏನಂದಾರು?”

“ಹಿಂದ ಸೀಟ್ ಇಲ್ಲ ಬೇ.”

ಅತ್ತೆಯವರು ನನ್ನನ್ನು ಕರೆದು ಕೂಡಿಸಿದರು. ಉಡಿ ತುಂಬಿ, ಅರಳಿನ ಬುಟ್ಟಿಯನ್ನು ತಂದು ನಮ್ಮಿಬ್ಬರ ನಡುವೆ ಇಟ್ಟು ತಕ್ಕಮಟ್ಟಿಗೆ ಸಮಾಧಾನ ಮಾಡಿಕೊಂಡರು. ಓಣಿಯೆಲ್ಲ ನೋಡುತ್ತಿತ್ತು. ಆ ವರ್ಷ ಬಾಗಿಲಲ್ಲಿ ನಿಂತು ನಗುವ ಸರದಿ ನನ್ನದಾಗಿರಲಿಲ್ಲ. ಗಾಡಿ ಹೊರಟಾಗ ನನಗಾದ ಹಿಗ್ಗನ್ನು ಇವತ್ತಿಗೂ ಅಳೆಯಲಾರೆ.

ಮಳೆ ಬಿಡುವು ಕೊಟ್ಟಿತ್ತು. ಅಫಜಲಪುರ ದಾಟಿದ ಮೇಲೆ ದಾರಿ ನೆಟ್ಟಗೆ, ಒಣಗಿ, ಖಾಲಿ ಬಿದ್ದಿತ್ತು. ಇನ್ನೇನು ಹಾರಿಸುತ್ತಾರೆ ಎಂದು ಸೆರಗು ಬಿಗಿ ಮಾಡಿಕೊಂಡೆ. ಎಲ್ಲಿಯ ಹಾರಾಟ? ಗಾಡಿ ಇನ್ನೂ ನಿಧಾನವಾಯಿತು. ಹಿಂದಿನಿಂದ ಬಂದ ಎತ್ತಿನ ಬಂಡಿಯೊಂದು ನಮ್ಮ ಪಕ್ಕಕ್ಕೆ ಬಂತು. ಬಂಡಿಯವನು ಇಣುಕಿ, “ಮೋಟಾರ ಖರಾಬ್ ಆಗ್ಯಾದೇನ್ರಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಮುಂದೆ ಹೋದ.

ನನಗೆ ಗಾಬರಿಯಾಯಿತು. “ಯಾಕ್ರಿ, ಮತ್ತ ಕೆಮ್ಮಾಕತ್ತದೇನು?”

“ಇಲ್ಲ.”

“ಹಂಗಾದ್ರ ಜರಾ ಜೋರ್ ಹೊಡೀರಿ. ಸುದ್ದಿ ಮುಟ್ಟೇದ, ಅಪ್ಪ ಹಾದಿ ಕಾಯಾಕತ್ತಿರ್ತಾರ.”

ಅವರು ದಾರಿಯನ್ನೇ ನೋಡುತ್ತ ಹೇಳಿದರು: “ಜೋರ್ ಹೊಡದ್ರ ಲಗೂ ಮುಟ್ತೇವಿ. ಮುಟ್ಟಿದ ಮ್ಯಾಲ ನಾ ಒಬ್ಬನೇ ಹಿಂದಕ್ ಬರಬೇಕಲ್ಲ. ನೀ ಶ್ರಾವಣ ಮುಗಿಯೋ ತನಾ ಬರಾಂಗಿಲ್ಲ.”

ಮದುವೆಯಾದಾಗಿನಿಂದ ಮೋಟಾರಿಗೆ ಸಂಬಂಧವಿಲ್ಲದೆ ಅವರು ಆಡಿದ ಅತಿ ಉದ್ದದ ಮಾತು ಅದು. ವರ್ಷಗಟ್ಟಲೆ ಆಸೆಪಟ್ಟ ತವರು ಮುಂದೆಯೇ ಇತ್ತು, ಅಪ್ಪ ಬಾಗಿಲಲ್ಲಿ ನಿಂತಿರಬೇಕು, ಬೇವಿನ ಮರಕ್ಕೆ ಜೋಕಾಲಿ ಕಟ್ಟಿರಬೇಕು. ಆದರೂ ನನ್ನ ಬಾಯಿಂದ ಬಂದದ್ದೇ ಬೇರೆ.

“ಹಂಗಾದ್ರ ಇನ್ನಷ್ಟ್ ಸಾವಕಾಶ ಹೊಡೀರಿ,” ಎಂದೆ.