ಹೆಂಡತಿಗೆ ದಾಟಿಸಿದ ಮಂಡಿನೋವು

ಮನುಷ್ಯನ ದೇಹದಲ್ಲಿ ಮಂಡಿಯಷ್ಟು ಬಾಯಿಬಡುಕ ಅಂಗ ಇನ್ನೊಂದಿಲ್ಲ. ಹೊಟ್ಟೆಯ ಹುಣ್ಣು, ಎದೆಯ ಉರಿ ಗುಟ್ಟಾಗಿ ಇರುತ್ತವೆ. ಮಂಡಿ ಮಾತ್ರ ಎದ್ದರೂ ಕೂತರೂ ಕಟಕಟ ಎಂದು ಊರಿಗೆಲ್ಲ ಸುದ್ದಿ ಹೇಳುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಬಲಮಂಡಿ ಹೀಗೆ ಮಾತಾಡಲು ಶುರುಮಾಡಿತು. ಮೂಳೆಗಳ ನಡುವಿನ ಮೆತ್ತೆ ಸವೆಯುತ್ತಿದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಮುಂದೆ ಆಪರೇಷನ್ನೇ ಗತಿಯಾಗಬಹುದು ಎಂದು ಕೃಷ್ಣಗಿರಿಯ ಡಾಕ್ಟರು ಹೇಳಿದರು. ನಾನಾಗ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ ಕೀಪರ್. ಓದಿದ್ದು ಹೈಸ್ಕೂಲು ಅಷ್ಟೇ. ಕಾಯಿಲೆ ಬಂದಮೇಲೆ ವಿಮೆ ಮಾಡಿಸುವ ಬುದ್ಧಿಗೆ ಅಷ್ಟು ಓದು ಸಾಕಾಯಿತು.

ಆಸ್ಪತ್ರೆ ಖರ್ಚಿನ ವಿಮೆ ಆಗ ಹೊಸದು. ಅದರ ಏಜೆಂಟ್ ಮುನಿರಾಜು ಅವಲಪಲ್ಲಿಯಲ್ಲಿ ನಮ್ಮ ಬೀದಿಯವನೇ. ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ಮಾಡಿಸಿ, ಮೊದಲೇ ಇರುವ ಕಾಯಿಲೆಯನ್ನು ಬಿಟ್ಟು ಉಳಿದದ್ದಕ್ಕೆಲ್ಲ ದುಡ್ಡು ಕೊಡುತ್ತಾರೆ ಎಂದು ವಿವರಿಸುತ್ತಿದ್ದವನು ನಡುವೆ ಮೂಗರಳಿಸಿದ. ನಾನು ಆಗತಾನೇ ತಿಕ್ಕಿಕೊಂಡಿದ್ದ ತೈಲ ಮನೆಯೆಲ್ಲ ಹರಡಿತ್ತು.

"ನೋವಿನೆಣ್ಣೆ ವಾಸ್ನೆ ಬತ್ತೈತಲ್ಲಣ್ಣ. ಯಾರ್ಗೆ?"

ಕಾಫಿ ತರುತ್ತಿದ್ದ ನನ್ನ ಹೆಂಡತಿ ನಂಜಮ್ಮನತ್ತ ಕೈ ತೋರಿಸಿದೆ. "ಇವ್ಳಿಗೇ ಕಣಪ್ಪ. ಮಂಡಿ."

ಬಾವಿಯಿಂದ ದಿನವೂ ಕೊಡಗಟ್ಟಲೆ ನೀರು ಹೊರುವವಳು ಅವಳು. ನನ್ನನ್ನೊಮ್ಮೆ ನೋಡಿ, ಲೋಟ ಇಟ್ಟು, ಕುಂಟುತ್ತಾ ಒಳಗೆ ಹೋದಳು. ಮುನಿರಾಜು ಹೋದಮೇಲೆ "ನನ್ ಕಾಲ್ನ ಯಾರ್ನ ಕೇಳಿ ಕುಂಟು ಮಾಡ್ದೆ?" ಎಂದಳು, ಅಷ್ಟೇ.

ಪಾಲಿಸಿ ಬಂತು. ನನ್ನ ಸವೆದ ಮಂಡಿ ಅದರೊಳಗೆ ಸೇರಿತ್ತು. ಅವಳ ಗಟ್ಟಿ ಮಂಡಿಗಳನ್ನು ಹೊರಗಿಟ್ಟಿದ್ದರು. ನಾಳೆ ಅವಳಿಗೆ ನಿಜವಾಗಿಯೇ ನೋವು ಬಂದರೆ ಎಂಬ ಯೋಚನೆ ನನಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂದಿತ್ತು, ಬಂದ ದಾರಿಯಲ್ಲೇ ಕಳಿಸಿಕೊಟ್ಟೆ. ಅಂದಿನಿಂದ ಮುನಿರಾಜು ಕಂಡಾಗಲೆಲ್ಲ ಅವಳು ಕುಂಟಬೇಕು, ನಾನು ನೆಟ್ಟಗೆ ನಡೆಯಬೇಕು. ಇಬ್ಬರಲ್ಲಿ ಅವಳ ನಟನೆಯೇ ವಾಸಿಯಿತ್ತು.

ಹೀಗಿರುವಾಗ ಗುಮ್ಮಳಾಪುರದಲ್ಲಿ ಮುನಿರಾಜುವಿನ ತಂಗಿಯ ಮದುವೆ. ನಂಜಮ್ಮನಿಗೆ ಅವನೇ ಕಾಳಜಿಯಿಂದ ಕುರ್ಚಿ ಹಾಕಿಸಿ ಊಟ ಬಡಿಸಿದ. ಗಟ್ಟಿಮುಟ್ಟಾದ ನನಗೆ ನೆಲದ ಮೇಲೆ ಚಾಪೆ. ಊಟ ಮುಗಿದು ಪಂಕ್ತಿಯವರೆಲ್ಲ ಎದ್ದರು, ನನಗೆ ಏಳಲಾಗಲಿಲ್ಲ. ಬರಿದಾದ ಎಲೆಯಲ್ಲಿ ಬೆರಳಾಡಿಸುತ್ತಾ, ಪಾಯಸದ ರುಚಿ ನೆನೆಯುವವನಂತೆ ಕೂತೆ. ಎಲೆ ಎತ್ತುವವರು ಪಕ್ಕದ ಎಲೆಯವರೆಗೂ ಬಂದರು. ಆಗ ನಂಜಮ್ಮ ಕುರ್ಚಿ ಬಿಟ್ಟು ದಡದಡ ಬಂದು, ಕಂಕುಳಿಗೆ ಕೈಕೊಟ್ಟು, ರಾಗಿಮೂಟೆಯಂತೆ ನನ್ನನ್ನು ಎತ್ತಿ ನಿಲ್ಲಿಸಿದಳು. ಎದುರಿಗೆ ಮಜ್ಜಿಗೆ ಬಕೆಟ್ ಹಿಡಿದು ಮುನಿರಾಜು ನಿಂತಿದ್ದ.

"ಅಕ್ಕಾ, ನಿಂಗಲ್ವಾ ಮಂಡಿನೋವು?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಂಜಮ್ಮ ನನ್ನ ಬಾಯನ್ನೇ ನೋಡಿದಳು. ನಾನು ಕಾಲು ಜೋಮು ಹಿಡಿದಿತ್ತು ಎಂದೆ.

ಅವಳು ಕುರ್ಚಿಯ ಕಡೆಗೆ ಕುಂಟುತ್ತಾ ಹೊರಟಳು. ಗಾಬರಿಗೋ ಬೇಸರಕ್ಕೋ, ಈ ಸಲ ಕುಂಟಿದ್ದು ಇನ್ನೊಂದು ಕಾಲು. ಮುನಿರಾಜು ಅದನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಊಟ ಬಹಳ ಚೆನ್ನಾಗಿತ್ತು ಎಂದೆ.