ಬೀಗರ ಮನೆ ನೋಡಲು ಮುಂಬೈಗೆ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಇದನ್ನು ವಿನಯದಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ವಿನಯ ಇದ್ದಿದ್ದರೆ ನನ್ನ ಸಂಸಾರ ಇನ್ನಷ್ಟು ಸುಖವಾಗಿರುತ್ತಿತ್ತು. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ, ಯಾರು ಏನೇ ಹೇಳಿದರೂ “ಇದಕ್ಕೆ ಆಧಾರವೇನು?” ಎಂದು ಕೇಳುವುದನ್ನು ನಮ್ಮ ಸರ್ ಕಲಿಸಿದರು. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕಲಿಸುವುದರೊಳಗೆ ಪರೀಕ್ಷೆ ಬಂತು. ಹೀಗಾಗಿ ಬೈಲಹೊಂಗಲದ ಕಾಲೇಜಿನಲ್ಲಿ ಪಾಠ ಹೇಳಲು ಬಂದ ಮೇಲೂ ಈ ಚಟ ಹೋಗಲಿಲ್ಲ. ಬಜಾರದಲ್ಲಿ ಯಾರಾದರೂ ತಮ್ಮ ಅಜ್ಜ ಹುಲಿ ಹೊಡೆದ ಕಥೆ ಹೇಳಿದರೆ ನಾನು ಹುಲಿಯ ಪರವಾಗಿ ಪ್ರಶ್ನೆ ಕೇಳುತ್ತಿದ್ದೆ. ಕ್ರಮೇಣ ಜನ ನನ್ನೆದುರು ಕಥೆ ಹೇಳುವುದನ್ನೇ ಬಿಟ್ಟರು. ತಿನ್ನಲು ಬೇರೇನೂ ಸಿಗದ ನನ್ನ ಸಂಶಯ ಕೊನೆಗೆ ನನ್ನ ನೆನಪನ್ನೇ ತಿನ್ನತೊಡಗಿತು. ಬಾಗಿಲಿಗೆ ಕೀಲಿ ಹಾಕಿದೆನೇ? ನಿನ್ನೆ ನನಗೆ ಸಿಕ್ಕಿದ್ದು ಪಾಟೀಲರೋ ಅವರ ತಮ್ಮನೋ? ನನ್ನ ಹೆಂಡತಿಯಂತೂ ಊಟದ ತಾಟು ಎತ್ತುವ ಮುಂಚೆ ಹೇಳುತ್ತಾಳೆ: “ಉಂಡೀರಿ. ನಾ ನೋಡೇನಿ. ಆಮ್ಯಾಲೆ ಉಂಡಿಲ್ಲ ಅನಬ್ಯಾಡ್ರಿ.”

ಇಂಥವನನ್ನು ಒಂದು ಮದುವೆಯ ವಿಷಯದಲ್ಲಿ ಸಾಕ್ಷಿಯಾಗಿ ಕಳಿಸಿದರಲ್ಲ, ನಮ್ಮ ಮನೆತನದ ಧೈರ್ಯ ದೊಡ್ಡದು.

ನನ್ನ ಅಣ್ಣ ಕಟಕೋಳದಲ್ಲಿ ಹೊಲ ನೋಡಿಕೊಂಡಿದ್ದಾನೆ. ಅವನ ಮಗಳು ಶೈಲಾ ಬಿ.ಎಸ್ಸಿ. ಮುಗಿಸಿದ್ದಳು. ಸವದತ್ತಿಯಲ್ಲಿ ಯಾರದೋ ಮದುವೆಗೆ ಹೋದಾಗ ಒಬ್ಬ ಹುಡುಗನನ್ನು ನೋಡಿದಳು, ಅವನೂ ಇವಳನ್ನು ನೋಡಿದ, ಇಬ್ಬರಿಗೂ ಒಪ್ಪಿಗೆಯಾಯಿತು. ಹುಡುಗನ ಅಜ್ಜ ರಾಮದುರ್ಗದಿಂದ ಮುಂಬೈಗೆ ಹೋಗಿ ನೆಲೆನಿಂತವರು. ಹುಡುಗ ಅಲ್ಲಿಯೇ ಔಷಧ ತಯಾರಿಸುವ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾನೆ. ಎಲ್ಲವೂ ಸರಿಯೇ. ಆದರೆ ನಮ್ಮ ಕಡೆ ಹುಡುಗ ಒಪ್ಪಿಗೆಯಾದರೆ ಸಾಲದು, ಹುಡುಗನ ಮನೆಯೂ ಒಪ್ಪಿಗೆಯಾಗಬೇಕು. ಹೆಣ್ಣಿನ ಕಡೆಯ ಹಿರಿಯರು ಹೋಗಿ ಮನೆ ನೋಡಿ ಬಂದು ಹೂಂ ಅನ್ನುವ ತನಕ ಮಾತು ಮುಂದೆ ಹೋಗುವುದಿಲ್ಲ.

ಮನೆ ನೋಡುವುದರಲ್ಲಿ ನಮ್ಮ ಶಿವಪ್ಪ ಕಾಕಾನದು ಎತ್ತಿದ ಕೈ. ಇವರು ನಮ್ಮಪ್ಪನ ತಮ್ಮ. ಧೋತರ, ಬಿಳಿ ಟೋಪಿ, ಕೈಯಲ್ಲೊಂದು ಕೊಡೆ. ಯಾರದೇ ಮನೆಗೆ ಹೋದರೂ ಮೊದಲು ಪಡಸಾಲೆಯ ನಡುವೆ ನಿಂತು ಮೇಲೆ ಮಾಳಿಗೆಯ ತೊಲೆ, ಜಂತಿ ನೋಡುತ್ತಾರೆ. ಆಮೇಲೆ ಸೀದಾ ಹಿತ್ತಲಿಗೆ ಹೋಗಿ ತಿಪ್ಪೆ ನೋಡುತ್ತಾರೆ. ತಿಪ್ಪೆ ದೊಡ್ಡದಿದ್ದರೆ ದನ ಬಹಳ, ದನ ಬಹಳವಿದ್ದರೆ ಗೊಬ್ಬರ ಬಹಳ, ಗೊಬ್ಬರ ಬಹಳವಿದ್ದರೆ ಬೆಳೆ ಬಹಳ. “ಮಂದಿ ಮಾತಿನ್ಯಾಗ ಸುಳ್ಳು ಹೇಳಬಹುದು. ತಿಪ್ಪಿ ಸುಳ್ಳು ಹೇಳೂದಿಲ್ಲ” ಎನ್ನುವುದು ಅವರ ಸಿದ್ಧಾಂತ. ನಮ್ಮ ಸುತ್ತಿನ ಎಷ್ಟೋ ಸಂಸಾರಗಳು ಅವರು ಕೊಡೆಯ ತುದಿಯಿಂದ ತಿಪ್ಪೆ ಕೆದಕಿ ನೋಡಿದ ಮೇಲೆ ಶುರುವಾಗಿವೆ. ಅಣ್ಣನ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗು ಬಂದಿತ್ತು. ಅದನ್ನು ಬಿಟ್ಟು ಅವನು ಹೋಗುವಂತಿರಲಿಲ್ಲ. “ಕಾಕಾನ ಜೋಡಿ ನೀ ಹೋಗು. ನೀ ಸಾಲಿ ಕಲತಾಂವ ಅದಿ, ನಾಕ ಮಾತ ಸರಿಯಾಗಿ ಕೇಳ್ಕೊಂಡು ಬಾ” ಎಂದ.

ನಾನು ಬೈಲಹೊಂಗಲಕ್ಕೆ ಮರಳುವ ಮುಂಚೆ ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ನನ್ನನ್ನು ಅಡುಗೆಮನೆಗೆ ಕರೆದಳು. ಅಣ್ಣನ ಮನೆಯ ಅಡುಗೆಮನೆ ನಡುಮನೆಯ ಹಿಂದೆ ಇದೆ. ಕೋಟೆಯಂಥ ಗೋಡೆ, ಕಿಟಕಿ ಇಲ್ಲ. ಗ್ಯಾಸ್ ಬಂದ ಮೇಲೆ ಹೊಗೆ ಹೋಗಿದೆ, ಕತ್ತಲೆ ಹೋಗಿಲ್ಲ. ಹಗಲಿಗೂ ಲೈಟು ಹಾಕಬೇಕು. ವೈನಿ ದನಿ ತಗ್ಗಿಸಿ ಹೇಳಿದಳು: “ತಮ್ಮಾ, ಜಂತಿ ತಿಪ್ಪಿ ಎಲ್ಲಾ ಕಾಕಾ ನೋಡ್ಕೋತಾರ. ಅಲ್ಲಿ ಅಡಗಿಮನ್ಯಾಗ ಕಿಟಕಿ ಐತೋ ಇಲ್ಲೋ, ಅಷ್ಟ ನೀ ನೋಡ್ಕೊಂಡು ಬಾ. ಕಿಟಕಿ ಇಲ್ಲದ ಮನಿಗೆ ನಾ ಮಗಳನ್ನ ಕೊಡೂದಿಲ್ಲ.” ಬಾಗಿಲ ಮರೆಯಲ್ಲಿ ನಿಂತಿದ್ದ ಶೈಲಾ ನನ್ನತ್ತ ಒಂದು ನೋಟ ನೋಡಿದಳು. ಅವಳಿಗೆ ಆ ಹುಡುಗ ಬೇಕಾಗಿದ್ದ, ಕಿಟಕಿ ಇರಲಿ ಬಿಡಲಿ. ನಾನು ದೊಡ್ಡ ದನಿಯಲ್ಲಿ “ಅದೇನ ದೊಡ್ಡ ಮಾತು ವೈನಿ” ಎಂದೆ. ಹೀಗೆ ಅಂದೆ ಎಂದು ನೆನಪು.

ಮುಂಬೈಗೆ ಹೋಗುವ ದಿನ ಕಾಕಾ ಕಟಕೋಳದಿಂದ ಯರಗಟ್ಟಿ ಮೇಲೆ ಹಾಯ್ದು ಬೈಲಹೊಂಗಲಕ್ಕೆ ಬಂದರು. ಇಬ್ಬರೂ ಕಿತ್ತೂರಿಗೆ ಹೋಗಿ ಹೈವೇಯಲ್ಲಿ ಮುಂಬೈ ಬಸ್ಸು ಹತ್ತಿದೆವು. ನಾನು ಅದುವರೆಗೆ ಮುಂಬೈ ನೋಡಿರಲಿಲ್ಲ. ಆದರೆ ಕಾಲೇಜಿನಲ್ಲಿ ಬಂದರುಗಳ ಬಗ್ಗೆ ಎಷ್ಟೋ ವರ್ಷ ಪಾಠ ಹೇಳಿದ್ದೆ. ನನ್ನ ಮನಸ್ಸಿನಲ್ಲಿ ಮುಂಬೈ ಸಮುದ್ರದಿಂದಲೇ ಶುರುವಾಗುತ್ತಿತ್ತು. ಬೆಳಿಗ್ಗೆ ಪರದೆ ಸರಿಸಿದರೆ ಮುಂದೆ ನೀಲಿ ನೀರು, ಹಡಗು, ಮೇಲೆ ಹಕ್ಕಿ. ಪರದೆ ಸರಿಸಿದೆ. ಒಂದು ಗೋಡೆ ಇತ್ತು. ಪಾಚಿ ಹಿಡಿದ ಉದ್ದನೆಯ ಗೋಡೆ, ಅದರ ತುಂಬ ಮೂಲವ್ಯಾಧಿಗೆ ಔಷಧ ಕೊಡುವವರ ಜಾಹೀರಾತು. ಬಸ್ಸು ಎಷ್ಟು ಮುಂದೆ ಹೋದರೂ ಗೋಡೆ ಮುಗಿಯಲಿಲ್ಲ. ಇಷ್ಟು ದೊಡ್ಡ ಊರು ನನ್ನನ್ನು ಹೀಗೆ ಬರಮಾಡಿಕೊಳ್ಳುತ್ತದೆ ಎಂದುಕೊಂಡಿರಲಿಲ್ಲ. ಆದರೆ ಕಾಕಾನನ್ನು ಕೇಳಿದರೆ, ಗೋಡೆಯೇ ಇರಲಿಲ್ಲ, ಮುಂಬೈಯಲ್ಲಿ ಮೊದಲು ಕಂಡದ್ದು ಎಮ್ಮೆ ಅನ್ನುತ್ತಾರೆ. ಒಂದೇ ಬಸ್ಸು, ಅಕ್ಕಪಕ್ಕದ ಸೀಟು. ಇತಿಹಾಸ ಬರೆಯುವವರ ಕಷ್ಟ ನನಗೆ ಅಂದು ಅರ್ಥವಾಯಿತು.

ದಾದರಿನಲ್ಲಿ ಇಳಿದ ಕೂಡಲೇ ಸಮುದ್ರ ನೋಡಲೇಬೇಕೆಂದು ನಾನು ಹಟ ಹಿಡಿದೆ. ಹೋಗಿ ನೋಡಿದೆವು. ಪಾತ್ರೆ ತೊಳೆದ ನೀರಿನ ಬಣ್ಣದ ಸಮುದ್ರ, ಸಪ್ಪೆ ಮುಖ ಮಾಡಿಕೊಂಡು ದೂರ ಸರಿದು ಕುಳಿತಿತ್ತು. ಕಾಕಾ ಕೊಡೆ ಊರಿಕೊಂಡು ಬಹಳ ಹೊತ್ತು ನೋಡಿದರು. “ಇದನ್ನ ನೋಡಾಕ ನಿದ್ದಿ ಕೆಟ್ಟು ಬಂದೇವೇನೋ? ನಮ್ಮ ಸವದತ್ತಿ ಡ್ಯಾಮಿನ ನೀರ ನೋಡು, ಹೆಂಗ ಥಳಥಳ ಅಂತೈತಿ. ಅದಕ ಉಪ್ಪಿನ ಸೊಕ್ಕಾದ್ರೂ ಇಲ್ಲ.” ನನಗೂ ಹಾಗೇ ಅನಿಸಿತ್ತು. ಆದರೆ ಓದಿದವನಾಗಿ ಸಮುದ್ರದ ಪರ ಮಾತಾಡುವುದು ನನ್ನ ಕರ್ತವ್ಯ ಎಂದುಕೊಂಡು ಇಳಿತ, ಭರತ ಎಂದೇನೋ ವಿವರಿಸಿದೆ. “ಹಂಗಾರ ನೀರು ಇದ್ದಾಗ ಕರಕೊಂಡು ಬರಬೇಕಿತ್ತು” ಎಂದರು.

ಅಲ್ಲಿಂದ ಲೋಕಲ್ ರೈಲು. ಕಾಕಾನಿಗೆ ಅದರ ಗದ್ದಲದಿಂದ ಬೇಸರವಾಗಲಿಲ್ಲ. ಯರಗಟ್ಟಿ ಸಂತೆಯ ದಿನದ ಬಸ್ಸು ಕಂಡವರು ಅವರು. ಬೇಸರವಾದದ್ದು ಬೇರೆ ವಿಷಯಕ್ಕೆ. ನಮ್ಮ ಕಡೆ ಬಸ್ಸಿನಲ್ಲಿ ಕುಳಿತರೆ ಕಂಡಕ್ಟರ್ ಬರುವುದರೊಳಗೆ ಬಾಜೂದವರು “ಯಾವೂರಾತ್ರಿ?” ಎಂದು ಕೇಳಿಯೇ ಕೇಳುತ್ತಾರೆ. ಇಲ್ಲಿ ಎದೆಗೆ ಎದೆ ತಾಗಿಸಿ ನಿಂತವರೂ ಕೇಳಲಿಲ್ಲ. ಕಾಕಾ ಕಾದರು, ಕಾದರು. ಕೊನೆಗೆ ತಾಳಲಾರದೆ ಎದುರಿಗಿದ್ದವನಿಗೆ ತಮ್ಮ ಸಂತೆ ಮರಾಠಿಯಲ್ಲಿ ತಾವೇ ಹೇಳಿದರು, “ನಮ್ಮೂರು ಕಟಕೋಳ.” ಅವನು ಕಿವಿಯಿಂದ ವೈರು ತೆಗೆದು, ಸ್ವಲ್ಪ ಯೋಚಿಸಿ, ಬಹಳ ಮರ್ಯಾದೆಯಿಂದ, ಆ ಸ್ಟೇಷನ್ ಈ ಲೈನಿನಲ್ಲಿ ಬರುವುದಿಲ್ಲ, ಕುರ್ಲಾದಲ್ಲಿ ಇಳಿದು ಕೇಳಿ ನೋಡಿ ಎಂದ. ಕಾಕಾ ನನ್ನ ಕಡೆ ತಿರುಗಿ, “ಇವರಿಗೆ ಊರಂದ್ರ ಇಳಿಯೂದಷ್ಟ ಗೊತ್ತೈತಿ” ಎಂದರು. ಆಗಲೇ ಹಳಿಯ ಪಕ್ಕದಲ್ಲಿ ಕಸದ ಗುಡ್ಡವೊಂದು ಬಂತು. ಮಾಳಿಗೆ ಮನೆಯಷ್ಟು ಎತ್ತರ. ಕಾಕಾನ ಕಣ್ಣು ಅರಳಿತು. “ಅಬಬಬಾ, ತಿಪ್ಪಿ ಅಂದ್ರ ಇದು! ಇದು ಯಾರ ಮನಿದು?” ಇಡೀ ಮುಂಬೈಯಲ್ಲಿ ಅವರು ಮೆಚ್ಚಿದ್ದು ಅದೊಂದನ್ನೇ. ಅದು ಯಾರ ಮನೆಯದೂ ಅಲ್ಲ ಎಂದು ತಿಳಿದಾಗ ಊರಿನ ಮೇಲಿದ್ದ ಉಳಿದ ಗೌರವವೂ ಹೋಯಿತು.

ಹುಡುಗನ ಮನೆ ಏಳನೆಯ ಮಹಡಿಯಲ್ಲಿತ್ತು. ಹುಡುಗನ ತಾಯಿ ಸುಮಿತ್ರಾಬಾಯಿ ಬಾಗಿಲಲ್ಲೇ “ಬರ್ರಿ, ಬರ್ರಿ, ಕೂಡ್ರಿ” ಎಂದು ಬಾಯಿ ತುಂಬ ಕರೆದರು. ತಂದೆ ಕಡಿಮೆ ಮಾತಿನವರು, ನಕ್ಕರು. ಹುಡುಗ ಕೆಲಸಕ್ಕೆ ಹೋಗಿದ್ದ. ಕಾಕಾ ಕೂರಲಿಲ್ಲ. ಖೋಲಿಯ ನಡುವೆ ನಿಂತು ಮೇಲೆ ನೋಡಿದರು. ಜಂತಿ ಇರಲಿಲ್ಲ. ಫ್ಯಾನು ಇತ್ತು. ಅಷ್ಟರಲ್ಲಿ ಮೇಲಿನಿಂದ ದಡದಡ ಹೆಜ್ಜೆ ಸಪ್ಪಳ. “ಮ್ಯಾಲೆ ಯಾರೋ ಅಡ್ಡಾಡಾಕತ್ತಾರ!” ಎಂದು ಕಾಕಾ ಗಾಬರಿಯಾದರು. ಅದು ಬೇರೆಯವರ ಮನೆ ಎಂದು ಹುಡುಗನ ತಂದೆ ಹೇಳಿದರು. “ಅಂದ್ರ ನಿಮ್ಮ ತಲಿ ಮ್ಯಾಲೆ ಮಂದಿ ಸಂಸಾರ ಮಾಡತಾರ, ನೀವು ಸುಮ್ಮನ ಕುಂತೀರಿ?” ಅವರು ಮತ್ತೆ ನಕ್ಕರು. ಬೇರೆ ದಾರಿ ಇರಲಿಲ್ಲ.

“ಹಿತ್ತಲಾ ಎಲ್ಲೈತ್ರೀ ತಂಗಿ?” ಎಂದರು ಕಾಕಾ. ಸುಮಿತ್ರಾಬಾಯಿ ಒಂದು ಬಾಗಿಲು ತೆಗೆದರು. ಬಟ್ಟೆ ಒಗೆಯುವ ಮಶೀನು, ಬಣ್ಣದ ಡಬ್ಬಿಯಲ್ಲಿ ತುಳಸಿ, ಒಬ್ಬರು ಅಡ್ಡ ನಿಂತರೆ ಮುಗಿಯುವಷ್ಟು ಜಾಗ. ನಾನು ಕಾಕಾನ ಅಂಗಿ ಜಗ್ಗಿದೆ. ಅವರು ಬಿಡಲಿಲ್ಲ. “ತಿಪ್ಪಿ?”

ಸುಮಿತ್ರಾಬಾಯಿ ರಾಮದುರ್ಗದ ಮೊಮ್ಮಗಳೂ ಹೌದು, ಸೊಸೆಯೂ ಹೌದು. ಅವರಿಗೆ ಪ್ರಶ್ನೆ ಚೆನ್ನಾಗಿ ಅರ್ಥವಾಯಿತು. ಮೂಲೆಯಲ್ಲಿದ್ದ ಎರಡು ಪ್ಲಾಸ್ಟಿಕ್ ಬಕೆಟ್ ತೋರಿಸಿದರು. “ನಮ್ಮವು ಎರಡ ಅದಾವ್ರೀ. ಹಸಿರಿನ್ಯಾಗ ಹಸಿದು, ನೀಲಿದಾಗ ಒಣಾದು. ದಿನಾ ಮುಂಜಾನೆ ಕಸದವರ ಬಂದು ಒಯ್ತಾರ.” ಕಾಕಾ ಬಗ್ಗಿ ನೋಡಿದರು. ಹಸಿರಿನಲ್ಲಿ ಬದನೆಕಾಯಿ ತೊಟ್ಟುಗಳಿದ್ದವು. “ಗೊಬ್ಬರಾ ದಿನಾ ಮಂದಿಗೆ ಕೊಟ್ಟ ಬಿಡತೀರಿ?” ಎಂದ ಅವರ ದನಿಯಲ್ಲಿ ನಿಜವಾದ ಸಂಕಟ ಇತ್ತು. ಆ ಬದನೆಕಾಯಿಯ ಎಣ್ಣಿಗಾಯಿಯನ್ನು, ಬಿಸಿ ರೊಟ್ಟಿಯ ಜೊತೆ, ಅವರು ಮಾತಿಲ್ಲದೆ ಬಹಳ ಉಂಡರು. ಆದರೆ ಬಸ್ಸು ಹತ್ತಿದ ಮೇಲೆ ತೀರ್ಪು ಹೇಳಿದರು: “ಮಂದಿ ಚಲೋ. ಮನಿ ಇಲ್ಲ.”

ಮರುದಿನ ಕಟಕೋಳದಲ್ಲಿ ಅಣ್ಣನ ಪಡಸಾಲೆಯಲ್ಲಿ ಎಲ್ಲರೂ ಕೂಡಿದರು, ನನ್ನ ಹೆಂಡತಿಯೂ ಬಂದಿದ್ದಳು. ಕಾಕಾ ವರದಿ ಒಪ್ಪಿಸಿದರು: ಜಂತಿ ಇಲ್ಲ, ಹಿತ್ತಲಿಲ್ಲ, ತಿಪ್ಪೆ ಬಕೆಟ್ಟಿನಲ್ಲಿ. ಶೈಲಾಳ ಮುಖ ಸಣ್ಣದಾಯಿತು. ವೈನಿ ಅದಾವುದನ್ನೂ ಲಕ್ಷ್ಯಕ್ಕೆ ತೆಗೆದುಕೊಳ್ಳದೆ ನನ್ನನ್ನು ನೋಡಿ ಕೇಳಿದಳು, “ಅಡಗಿಮನ್ಯಾಗ ಕಿಟಕಿ?”

ಓದುಗರೇ, ನನ್ನ ಸ್ಥಿತಿಯನ್ನು ಊಹಿಸಿಕೊಳ್ಳಿ. ನಾನು ಅಡುಗೆಮನೆಗೆ ಹೋಗಿದ್ದೆ, ನೀರು ಕೇಳುವ ನೆಪದಲ್ಲಿ. ಅಲ್ಲೊಂದು ಪಾರಿವಾಳ ಕುಳಿತಿತ್ತು. ಪಾರಿವಾಳ ಕೂರಬೇಕಾದರೆ ಕಿಟಕಿ ಇರಬೇಕು. ಆದರೆ ಪಾರಿವಾಳ ನೋಡಿದ್ದು ಅಡುಗೆಮನೆಯಲ್ಲೋ, ರೈಲು ನಿಲ್ದಾಣದಲ್ಲೋ? ಅಥವಾ, ಕಿಟಕಿ ಇರಲಿ ಎಂಬ ಆಸೆಗೆ ನನ್ನ ಮನಸ್ಸೇ ಒಂದು ಪಾರಿವಾಳವನ್ನು ತಂದು ಕೂರಿಸಿತೋ? “ಇತ್ತು ಅಂತ ಅನಸತೈತಿ” ಎಂದೆ. “ಆದರ ಖಾತ್ರಿ ಹೇಳಾಕ ಬರೂದಿಲ್ಲ.”

“ಇರಲಿಲ್ಲ” ಎಂದರು ಕಾಕಾ.

“ನೀವು ಒಳಗ ಹೋಗಿದ್ರೇನು?” ಎಂದೆ.

“ನಾ ಯಾಕ ಹೋಗಲಿ ಹೆಣ್ಣಮಕ್ಕಳ ಅಡಗಿಮನಿಗೆ? ಜಂತಿ ಇಲ್ಲದವರು ಕಿಟಕಿ ಎಲ್ಲಿಂದ ತರತಾರ?”

ಅಣ್ಣ ಹಣೆ ಹಿಡಿದುಕೊಂಡ. “ಎಂ.ಎ. ಮಾಡಿ ಒಂದ ಕಿಟಕಿ ನೋಡಾಕ ಬರಲಿಲ್ಲಲ್ಲೋ ನಿನಗ!” ನನ್ನ ಹೆಂಡತಿ ಬಹಳ ತೃಪ್ತಿಯಿಂದ ತಲೆಯಾಡಿಸಿದಳು. ಶೈಲಾ ಚಹಾದ ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು. “ಕಾಕಾ, ಅಲ್ಲಿ ಬಾಳೇ ಮಾಡಾಕಿ ನಾ. ನೀ ಅರ್ಧಾ ಮಾರ್ಕ್ಸಿಗೆ ಪೇಪರ್ ತಿದ್ದಿದಂಗ ಮಾಡಾಕತ್ತಿ.” ಅಂದವಳೇ ಫೋನು ತೆಗೆದು ಎಲ್ಲರ ಎದುರಿಗೇ ಮುಂಬೈಗೆ ವಿಡಿಯೋ ಕಾಲ್ ಮಾಡಿದಳು. “ಅತ್ತಿ, ನಮ್ಮವ್ವ ನಿಮ್ಮ ಅಡಗಿಮನಿ ನೋಡಬೇಕಂತ” ಎಂದಳು. ಆಗಲೇ ಅತ್ತೆ! ಅಣ್ಣ ಬೇರೆ ಕಡೆ ನೋಡಿದ.

ಸುಮಿತ್ರಾಬಾಯಿ ಫೋನು ತಿರುಗಿಸಿದರು. ಕಿಟಕಿ ಇತ್ತು. ದೊಡ್ಡದೇ ಇತ್ತು. ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಆದರೆ ಕಿಟಕಿಯ ಹೊರಗೆ ಆಕಾಶ ಇರಲಿಲ್ಲ, ಮರ ಇರಲಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಾಜೂ ಕಟ್ಟಡದ ಗೋಡೆ. “ನೋಡಿದೇನು?” ಎಂದರು ಕಾಕಾ. ವೈನಿ ಫೋನಿಗೆ ಮುಖ ಹಚ್ಚಿ ಕೇಳಿದಳು, “ಅದರಾಗಿಂದ ಏನ ಕಾಣತೈತ್ರೀ?”

“ಎದುರು ಮನಿ ಅಡಗಿಮನಿ ಕಿಟಕಿ ಕಾಣತೈತ್ರೀ. ಅಲ್ಲಿ ಒಬ್ಬಾಕಿ ಅದಾಳ, ಸಾತಾರಾದಾಕಿ. ಆಕಿ ಒಗ್ಗರಣಿ ಹಾಕಿದ್ರ ನನಗ ಸೀನು ಬರತಾವು. ಕೆಲಸ ಮಾಡಕೋತ ದಿನಾ ಮಾತಾಡತೇವ್ರಿ.”

ವೈನಿ ಸೆರಗಿನಿಂದ ಫೋನಿನ ಗಾಜು ಒರೆಸಿ, ಗಂಡನ ಕಡೆ ನೋಡದೆ ಹೇಳಿದಳು, “ಮಾತಾಡಾಕ ಒಬ್ಬಾಕಿ ಇದ್ದಾಳಂದ್ರ ಸಾಕು. ಸಕ್ಕರಿ ಹಂಚ್ರಿ.” ಆ ಕತ್ತಲೆಯ ಅಡುಗೆಮನೆಯಲ್ಲಿ ಅವಳು ಇಷ್ಟು ವರ್ಷ ಯಾರ ಜೊತೆ ಮಾತಾಡುತ್ತಿದ್ದಳು ಎಂದು ನಾವು ಗಂಡಸರು ಯಾರೂ ಕೇಳಿರಲಿಲ್ಲ. ಅಣ್ಣ ಎದ್ದು ಹೋಗಿ ಸಕ್ಕರೆ ತಂದ.

ಮದುವೆ ಯರಗಟ್ಟಿಯಲ್ಲಿ ಚೆನ್ನಾಗಿಯೇ ಆಯಿತು. ಊಟದ ಪಂಗತಿಯಲ್ಲಿ ನಾನು ಬೀಗರೆದುರು ಕುಳಿತು, ಮುಂಬೈ ನನಗೆ ಹೇಗೆ ನಿರಾಸೆ ಮಾಡಿತು ಎಂಬುದನ್ನು ಸ್ವಲ್ಪ ಬಣ್ಣ ಕಟ್ಟಿ ಹೇಳುತ್ತಿದ್ದೆ. ಜನ ನಗುತ್ತಿದ್ದರು. ಸುಮಿತ್ರಾಬಾಯಿ ಎಲ್ಲ ಕೇಳಿ, ಹೋಳಿಗೆಯ ಮೇಲೆ ತುಪ್ಪ ಹಾಕುತ್ತ ಹೇಳಿದರು: “ನಮಗೂ ನಿಮ್ಮನ್ನ ಮೊದಲ ನೋಡಿದಾಗ ಹಂಗ ಆಗಿತ್ರೀ ಬೀಗರ. ಕಾಲೇಜಿನ್ಯಾಗ ಕಲಸೂ ಕಾಕಾ ಬರತಾರ, ನೋಡಿ ಮಾತಾಡ್ರಿ ಅಂತ ಮನಿಯವರಿಗೆಲ್ಲಾ ಹೇಳಿದ್ದೆ. ನೋಡಿದ್ರ ಬರಿಗಾಲಾಗ ಬಂದ್ರಿ. ಆಮ್ಯಾಲೆ ವಾಚಮನ್ ಫೋನ್ ಮಾಡಿದ, ಯಾರೋ ಲಿಫ್ಟಿನ ಬಾಗಿಲ ಮುಂದ ಚಪ್ಪಲ್ ಬಿಟ್ಟು ಒಳಗ ಹೋಗ್ಯಾರ, ಮ್ಯಾಲ ಕಳಸಲೇನು ಅಂತ.”

ಪಂಗತಿಗೆ ಪಂಗತಿಯೇ ನಕ್ಕಿತು. “ಅದು ಕಾಕಾನ ಚಪ್ಪಲ್ ಇರಬೇಕ್ರಿ” ಎಂದೆ. “ನನಗ ಸರಿಯಾಗಿ ನೆನಪಿಲ್ಲ.”

ನನ್ನ ನೆನಪಿನ ಖ್ಯಾತಿ ಗೊತ್ತಿದ್ದವರೆಲ್ಲ ಇದನ್ನು ನಂಬಿದರು. ಪಾಪ, ಕಾಕಾ ಕೂಡ ತಮ್ಮ ಕಾಲನ್ನೊಮ್ಮೆ ಸಂಶಯದಿಂದ ನೋಡಿಕೊಂಡರು. ನಾನು ತಲೆ ತಗ್ಗಿಸಿ ಹೋಳಿಗೆ ಮುರಿಯತೊಡಗಿದೆ. ಗೋಡೆಯೋ ಎಮ್ಮೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಒರೆಸಿಟ್ಟ ಆ ಲಿಫ್ಟಿನ ಕನ್ನಡಿಯಂಥ ನೆಲ, ಒಳಗೆ ಗಣಪತಿಯ ಪಟ, ಊದಿನಕಡ್ಡಿಯ ವಾಸನೆ, ಅಂಗಾಲಿಗೆ ತಾಗಿದ ತಣ್ಣನೆಯ ಸ್ಟೀಲು, ಇಷ್ಟು ಮಾತ್ರ ಯಾವ ಆಧಾರವನ್ನೂ ಕೇಳದೆ, ಒಂದಿಷ್ಟೂ ಮಸುಕಾಗದೆ ನನ್ನ ನೆನಪಿನಲ್ಲಿದೆ.