ಚಿಗಟವಲ್ಲ, ಚಿಮ್ಮುಬಾಲ

ಕೆಳಮನೆಯ ದರ್ಜಿ ಹೊಲಿಯುತ್ತಿದ್ದ ಬಿಳಿ ಕೋಟಿನ ಮೇಲೆ ಚಾವಣಿಯಿಂದ ಒಂದು ಚುಕ್ಕೆ ಬಿತ್ತು. ಒರೆಸಲು ಹೋದರೆ ಚುಕ್ಕೆ ಹಾರಿತು. ಹಿಂದೆಯೇ ಇನ್ನೂ ಹತ್ತಾರು ಉದುರಿದವು. ದರ್ಜಿಯ ಸಿಟ್ಟು ಯಾವತ್ತೂ ಮೊದಲ ದರ್ಜೆಯದು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮೆಟ್ಟಿಲು ಹತ್ತಿ, ಮಹಡಿಮನೆಯ ಮೇಷ್ಟ್ರ ಬಾಗಿಲು ಬಡಿದ.

"ನಿಮ್ ಬೆಕ್ಕಿನ್ ಚಿಗಟ ಶಾರ್. ಗಿರಾಕಿ ಕೋಟ್ ಮೇಲೆ ಕುಣೀತಾ ಇದೆ."

ಮೇಷ್ಟ್ರು ಕಾಲೇಜಿನಲ್ಲಿ ಕೀಟಶಾಸ್ತ್ರ ಹೇಳುವವರು. ಮನೆಯಲ್ಲಿ ಅವರ ಪಾಠ ಕೇಳುವುದು ಬೆಕ್ಕೊಂದೇ; ಹೆಂಡತಿಗೆ ಅಷ್ಟು ಪುರುಸೊತ್ತಿಲ್ಲ. ಅಂಥ ಬೆಕ್ಕಿನ ಮೇಲೆ ಆಪಾದನೆ ಬಂದರೆ ಸುಮ್ಮನಿರುವುದುಂಟೆ?

"ಹೋದ ತಿಂಗಳು ನೀನು ನಮ್ ಬಚ್ಚಲು ಸೋರ್ತಿದೆ ಅಂದೆ. ಇವತ್ತು ಚಿಗಟ. ನಾಳೆ ಏನು, ಮೊಸಳೆಯಾ? ನಮ್ ಬಚ್ಚಲು ಮರಳುಗಾಡು ಕಣಯ್ಯ. ನಮ್ ಬೆಕ್ಕು ನಿನಗಿಂತ ಶುಚಿ."

ಕೂಗಾಟ ಕೇಳಿ ಎದುರುಮನೆಯ ನರ್ಸಮ್ಮ ಬಂದವಳೇ ಮೊಣಕೈ ಕೆರೆದುಕೊಂಡಳು. ಅದನ್ನು ನೋಡಿ ದರ್ಜಿಯೂ ಕೆರೆದುಕೊಂಡ. ಕೊನೆಗೆ ಬಂದ ಮನೆ ಮಾಲೀಕರು ಇಬ್ಬರನ್ನೂ ನೋಡಿ, ವಿಷಯ ಕೇಳುವ ಮೊದಲೇ ಬೆನ್ನು ಕೆರೆದುಕೊಂಡರು.

"ಒಂದೇ ಮಾತು ಮೇಷ್ಟ್ರೇ," ಅಂದರು. ಅವರ ಒಂದೇ ಮಾತು ಎಂದೂ ಒಂದಕ್ಕೆ ನಿಂತದ್ದಿಲ್ಲ. "ಸಂಜೆ ಒಳಗೆ ಬೆಕ್ಕು ಹೋಗ್ಬೇಕು. ಬೆಕ್ಕು ಹೋಗ್ದಿದ್ರೆ ನೀವು ಹೋಗ್ಬೇಕು. ಇಬ್ಬರಲ್ಲಿ ಯಾರು ಅಂತ ನೀವ್ ನೀವೇ ಮಾತಾಡ್ಕೊಳ್ಳಿ."

ಮೇಷ್ಟ್ರ ಮೂಗು ಕಾದ ಇಸ್ತ್ರಿಪೆಟ್ಟಿಗೆಯಾಯಿತು. ಭೂತಗನ್ನಡಿ ಹಿಡಿದು ದಡದಡನೆ ಕೆಳಗಿಳಿದರು. ಅವರ ಹೆಂಡತಿಯೂ ಸೇರಿ ಎಲ್ಲರೂ ಹಿಂದೆಯೇ ಇಳಿದರು. ಕೋಟಿನ ಮೇಲಿದ್ದ ಒಂದನ್ನು ಒದ್ದೆ ಕುಂಚದ ತುದಿಯಿಂದ ಎತ್ತಿ ಬಿಳಿ ತಟ್ಟೆಗೆ ಹಾಕಿದರು.

"ನೋಡಿ. ಚಿಗಟ ಕಂದು ಬಣ್ಣ, ಎರಡು ಪಕ್ಕದಿಂದ ಅಮುಕಿದ ಹಾಗೆ ಚಪ್ಪಟೆ, ಹಿಂಗಾಲಿಂದ ಹಾರುತ್ತೆ. ಇದು ಬೂದಿ ಬಣ್ಣ, ಮೆತ್ತಗಿದೆ. ಹೊಟ್ಟೆ ಕೆಳಗೆ ಕವಲುಬಾಲ ಮಡಚಿಟ್ಕೊಂಡಿದೆ, ಅದನ್ನ ನೆಲಕ್ಕೆ ಹೊಡೆದು ಚಿಮ್ಮುತ್ತೆ. ಸ್ಪ್ರಿಂಗ್‌ಟೇಲ್. ನಮ್ಮ ಮಾತಲ್ಲಿ ಚಿಮ್ಮುಬಾಲ ಅನ್ನಿ. ಕಚ್ಚಲ್ಲ, ರಕ್ತ ಕುಡಿಯಲ್ಲ. ಈ ಕಟ್ಟಡದಲ್ಲಿ ರಕ್ತ ಕುಡಿಯೋರು ಬೇರೆ ಇದ್ದಾರೆ."

ಮಾಲೀಕರು ಇಣುಕಿದರು. ಕವಲುಬಾಲ ಅವರಿಗೂ ಕಂಡಿತು. ನರ್ಸಮ್ಮನ ತುರಿಕೆ ತಟ್ಟನೆ ನಿಂತಿತು. ದರ್ಜಿ ಸೂಜಿ ಉಗುಳಿ ಮೆತ್ತಗಾದ.

"ಹಾಗಾದ್ರೆ ನನ್ ಕಿಟಕಿ ಹೂಕುಂಡದಿಂದ ಬಂದಿರ್ಬೇಕು, ಬಿಡಿ ಸಾರ್."

ಬೆಕ್ಕು ಉಳಿದಿತ್ತು. ಇಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಮೇಷ್ಟ್ರ ಹೆಂಡತಿ ಕೆಮ್ಮಿದಳು. ಇನ್ನೊಮ್ಮೆ ಜೋರಾಗಿ ಕೆಮ್ಮಿದಳು. ತಪ್ಪು ಉತ್ತರ ಕಿವಿಗೆ ಬಿದ್ದ ಮೇಷ್ಟ್ರನ್ನು ಕೆಮ್ಮು ತಡೆದೀತೆ?

"ಹೂಕುಂಡದ್ದಂತೆ. ಕುಂಡದ ಮಣ್ಣಲ್ಲಿರೋದು ಬಿಳಿ, ಕುರುಡು. ಇದಕ್ಕೆ ಕಣ್ಣಿದೆ, ಮೈಮೇಲೆ ಪಟ್ಟೆ ಇದೆ. ನೋಡೋಕೆ ಅಣ್ಣತಮ್ಮ, ಸಂಸಾರ ಬೇರೆ ಬೇರೆ. ಇದು ನೆನೆದ ಗೋಡೆಯ ಬೂಷ್ಟು ತಿಂದು ಬದುಕೋದು. ಒಣ ಜಾಗದಲ್ಲಿ ಸುಕ್ಕುಗಟ್ಟಿ ಸಾಯುತ್ತೆ. ತಿಂಗಳುಗಟ್ಟಲೆ ಮೇಲಿಂದ ನೀರು ಸೋರಿದ್ರೆ ಮಾತ್ರ ಇಷ್ಟೊಂದು ಹುಟ್ಟೋದು. ಬೇಕಾದ್ರೆ ಬರೆದು ಕೊಡ್ತೀನಿ."

ಎಲ್ಲರೂ ತಲೆಯೆತ್ತಿ ಚಾವಣಿಯ ಕಪ್ಪು ಕಲೆ ನೋಡಿದರು. ಅದರ ನೇರ ಮೇಲಕ್ಕೆ ಯಾರ ಬಚ್ಚಲಿದೆ ಎಂದು ಎಲ್ಲರಿಗೂ ಗೊತ್ತು. ಕಡೆಯಲ್ಲಿ ತಲೆಯೆತ್ತಿದವರು ಮೇಷ್ಟ್ರು.

"ಮರಳುಗಾಡು," ಅಂದ ದರ್ಜಿ. ಬಾಯಲ್ಲಿ ಸೂಜಿಯಿಲ್ಲದೆಯೂ ಚುಚ್ಚಿತು.

"ಒಂದೇ ಮಾತು," ಅಂದರು ಮಾಲೀಕರು. "ಬಚ್ಚಲು ಪೂರ್ತಿ ಅಗೀಬೇಕು. ತಿಂಗಳು ಹಿಡಿಯುತ್ತೆ. ಸಂಜೆ ಒಳಗೆ ಮನೆ ಖಾಲಿ ಮಾಡಿ."

"ಬೆಕ್ಕು?" ಅಂದರು ಮೇಷ್ಟ್ರು.

"ನನ್ ಹತ್ರ ಇರ್ಲಿ ಬಿಡಿ ಸಾರ್," ಅಂದ ದರ್ಜಿ. "ಅದಕ್ಕೆ ಚಿಗಟ ಇಲ್ಲ ಅಂತ ನೀವೇ ಸಾಬೀತು ಮಾಡಿದ್ರಲ್ಲ."

ಸಂಜೆ ಮೇಷ್ಟ್ರು ಹಲ್ಲು ಕಡಿಯುತ್ತ, ಪೆಟ್ಟಿಗೆ ಹೊತ್ತು ಮಾವನ ಮನೆಗೆ ಹೊರಟರು. ಬೆಕ್ಕು ಬಿಳಿ ಕೋಟಿನ ಮೇಲೆ ಹಾಯಾಗಿ ಮಲಗಿ ಕಿವಿ ಕೆರೆದುಕೊಂಡಿತು. ಕಂದು ಬಣ್ಣದ್ದೇನೋ ಒಂದು ಹಿಂಗಾಲೊದ್ದು ಹಾರಿ ಕೋಟಿನ ತೋಳಿನೊಳಗೆ ಸೇರಿತು.

ದರ್ಜಿಯ ಬಾಗಿಲು ದಾಟುವಾಗ ಮೇಷ್ಟ್ರು ಅದನ್ನು ಕಂಡರು. ಈ ಸಲ ಜಾತಿ ಹೇಳಲಿಲ್ಲ.